ಬಾರ್ ನಡುವಿನ ಚುಕ್ಕೆಗಳು

ಬುಧವಾರ ಸಂಜೆ ಆರೂವರೆ. ಮರುದಿನ ಬೆಳಿಗ್ಗೆ ಕ್ಲೈಂಟ್ ರಿವ್ಯೂ. ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಅಂತ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಪ್ಲ್ಯಾನ್ ತೆರೆದೆ. ಎದೆ ಧಸಕ್ ಅಂತು. 10 ದಿನಗಳ ಡೇಟಾ ಮೈಗ್ರೇಶನ್ ಟಾಸ್ಕ್ ಎರಡು ತುಂಡಾಗಿತ್ತು! ಮುಗಿದ 3 ದಿನಗಳ ಒಂದು ಬಾರ್, ಆಮೇಲೆ 4 ದಿನ ಬರೀ ಚುಕ್ಕೆಗಳು, ಆಮೇಲೆ ಉಳಿದ 7 ದಿನ. ಮುಂದಿನ ಶುಕ್ರವಾರ ಮುಗಿಯಬೇಕಿದ್ದ ಕೆಲಸ ಅದರಾಚೆಯ ಗುರುವಾರಕ್ಕೆ ಜಾರಿತ್ತು.

ಆ ಟಾಸ್ಕ್ ಮಾಡುತ್ತಿದ್ದ ಹುಡುಗ ಟೀಮ್‌ಗೆ ಹೊಸಬ. ಊರಿನ ಜಾತ್ರೆಗೆ ರಜೆ ಸಿಗುತ್ತಾ ಅಂತ ಹಿಂದಿನ ದಿನವಷ್ಟೇ ಕೇಳಿದ್ದ. ಫೈಲ್ ಎಡಿಟ್ ಮಾಡೋ ಅನುಮತಿ ಅವನಿಗೂ ಇತ್ತು. ನನ್ನ ತಲೆ ಎರಡಕ್ಕೆರಡು ಕೂಡಿಸಿ ಐದು ಮಾಡಿತು. "ನನ್ನನ್ನ ಕೇಳದೆ ಪ್ಲ್ಯಾನ್ ಬದಲಾಯಿಸಿದ್ರಾ?" ಅಂತ ಮೆಸೇಜ್ ಹಾಕಿಯೇಬಿಟ್ಟೆ. "ಇಲ್ಲ ಮೇಡಂ, ನಾನು ಫೈಲ್ ಓಪನ್ನೇ ಮಾಡಿಲ್ಲ" ಅಂತ ಉತ್ತರ ಬಂತು. ನಾನು ನಂಬಲಿಲ್ಲ.

ಬಲಗಡೆ ತುಂಡನ್ನು ಮೌಸ್‌ನಲ್ಲಿ ಎಳೆದು ಎಡಕ್ಕೆ ಅಂಟಿಸಿದೆ. ಕೂಡಿಕೊಂಡಿತು. ಇನ್ನೊಂದು ಟಾಸ್ಕ್ ತಿದ್ದಿದ್ದೇ ತಡ, ಮತ್ತೆ ಎರಡು ತುಂಡು! ಆಗಲೇ ಗೊತ್ತಾಗಿದ್ದು, ಇದು ಯಾರದೋ ಕೈಕೆಲಸ ಅಲ್ಲ ಅಂತ.

ಹೀಗಾಗೋಕೆ ಕೆಲವೇ ಕಾರಣಗಳಿರುತ್ತವೆ. ಮೌಸ್ ತಪ್ಪಿ ಎಳೆದಿರಬಹುದು. ಟಾಸ್ಕ್ ಯೂಸೇಜ್ ವ್ಯೂನಲ್ಲಿ ಯಾವುದೋ ದಿನಕ್ಕೆ ಸೊನ್ನೆ ಗಂಟೆ ಬಿದ್ದಿರಬಹುದು. ಮುಗಿಯದ ಕೆಲಸವನ್ನು ಮುಂದಿನ ತಾರೀಖಿಗೆ ರೀಶೆಡ್ಯೂಲ್ ಮಾಡಿರಬಹುದು. ಮೂರನ್ನೂ ನೋಡಿದೆ, ಯಾವುದೂ ಅಲ್ಲ. ಉಳಿದಿದ್ದು ರಿಸೋರ್ಸ್ ಲೆವೆಲಿಂಗ್. ಒಬ್ಬರ ಮೇಲೆ ಒಂದೇ ದಿನ ಎರಡು ಕೆಲಸ ಬಿದ್ದರೆ ಒಂದನ್ನು ಮುಂದೂಡುವ ವ್ಯವಸ್ಥೆ ಅದು.

ಆಪ್ಷನ್ಸ್ ತೆರೆದೆ. ಲೆವೆಲಿಂಗ್ ಆಟೊಮ್ಯಾಟಿಕ್‌ನಲ್ಲಿತ್ತು. ಉಳಿದ ಕೆಲಸವನ್ನು ತುಂಡು ಮಾಡಬಹುದು ಅನ್ನೋ ಟಿಕ್ ಕೂಡ ಇತ್ತು. ಆಮೇಲೆ ಅವನ ಹೆಸರಲ್ಲಿರೋ ಟಾಸ್ಕ್‌ಗಳನ್ನೆಲ್ಲ ಫಿಲ್ಟರ್ ಮಾಡಿದೆ. ಗುರುವಾರದಿಂದ 4 ದಿನ 'ಪ್ರೊಡಕ್ಷನ್ ಸಪೋರ್ಟ್', ಪ್ರಯಾರಿಟಿ 1000. ಸಾಮಾನ್ಯವಾಗಿ ಅದು 500 ಇರುತ್ತದೆ. 1000 ಅಂದರೆ 'ಇದನ್ನು ಮುಟ್ಟಲೇಬೇಡ' ಅಂತ ಅರ್ಥ. ಹಾಗಾಗಿ ಪ್ರಾಜೆಕ್ಟ್ ಮೈಗ್ರೇಶನ್ ಕೆಲಸವನ್ನೇ ಕತ್ತರಿಸಿತ್ತು.

ಆ ಟಾಸ್ಕ್ ಹಾಕಿದ್ದು ಯಾರು? ನಾನೇ. ಅದೇ ಮಧ್ಯಾಹ್ನ, ಊಟಕ್ಕೆ ಹೋಗೋ ಅವಸರದಲ್ಲಿ.

ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ಒಬ್ಬ ಮನುಷ್ಯನಿಗೆ ಒಟ್ಟಿಗೆ ಎರಡು ಕೆಲಸ ಆಗಲ್ಲ ಅನ್ನೋದನ್ನು ನನಗಿಂತ ಮೊದಲು ಅದೇ ಗಮನಿಸಿತ್ತು. ಚುಕ್ಕೆಗಳು ಕಾಣದೇ ಹೋಗಿದ್ದರೆ ಹುಡುಗ ಹಗಲು ಸಪೋರ್ಟ್, ರಾತ್ರಿ ಮೈಗ್ರೇಶನ್ ಮಾಡುತ್ತಿದ್ದ. ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ.

ಲೆವೆಲಿಂಗನ್ನು ಮ್ಯಾನ್ಯುಯಲ್‌ಗೆ ಬದಲಾಯಿಸಿದೆ. ಸಪೋರ್ಟ್ ಕೆಲಸವನ್ನು ನನ್ನ ಹೆಸರಿಗೆ ಹಾಕಿಕೊಂಡೆ. ಕ್ಲಿಯರ್ ಲೆವೆಲಿಂಗ್ ಒತ್ತಿದಾಗ ಅವನ ಬಾರ್ ಮತ್ತೆ ಒಂದಾಯಿತು. ನಾನೇ ಲೆವೆಲಿಂಗ್ ಓಡಿಸಿದರೆ ಈ ಸಲ ಚುಕ್ಕೆಗಳು ಬಂದಿದ್ದು ನನ್ನ ಡಾಕ್ಯುಮೆಂಟೇಶನ್ ಬಾರ್‌ನಲ್ಲಿ. ಇರಲಿ, ಅದು ನಾಲ್ಕು ದಿನ ತಡವಾದರೆ ಯಾರ ಗಂಟೂ ಹೋಗಲ್ಲ.

ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ ಎಲ್ಲರೆದುರೇ ಅವನಿಗೆ ಸಾರಿ ಹೇಳಿದೆ. "ಅಯ್ಯೋ, ಬಿಡಿ ಮೇಡಂ" ಅಂದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದ, "ಹಾಗಾದ್ರೆ ಜಾತ್ರೆ ರಜೆ?"

ಪ್ಲ್ಯಾನ್ ತೆರೆದೆ. ಈ ಸಲ ಮೊದಲು ಅವನ ಕ್ಯಾಲೆಂಡರ್‌ನಲ್ಲಿ ರಜೆ ಹಾಕಿದೆ. ಆಮೇಲೆ ಉಳಿದಿದ್ದೆಲ್ಲ.