ಅವ್ವನ ಸೆರಗು

ಸಾನೆ ಗುರೂಜಿಯವರ ‘ಶ್ಯಾಮಚೀ ಆಯಿ’ಯನ್ನು ಈ ಬೇಸಿಗೆಯ ರಜೆಯಲ್ಲಿ ಮತ್ತೊಮ್ಮೆ ಓದಿದೆ. ಮೊದಲ ಸಲ ಓದಿದ್ದು ಎಂಟನೆಯ ಇಯತ್ತೆಯಲ್ಲಿ. ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯಲ್ಲಿ ಏಳನೆಯವರೆಗೆ ಕನ್ನಡ ಶಾಲೆಯಿತ್ತು. ಮುಂದೆ ಓದಬೇಕಾದರೆ ಮರಾಠಿ ಮಾಧ್ಯಮದ ಪ್ರೌಢಶಾಲೆಗೇ ಹೋಗಬೇಕು. ಹೊಸ ಭಾಷೆಯಲ್ಲಿ ನಾನು ಇಡಿಯಾಗಿ ಓದಿ ಮುಗಿಸಿದ ಮೊದಲ ಪುಸ್ತಕ ಅದು.

1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದು 1935ರಲ್ಲಿ ಪ್ರಕಟವಾದ ಈ ಕೃತಿಯ ಅಧ್ಯಾಯಗಳಿಗೆ ‘ರಾತ್ರಿ’ ಎಂದೇ ಹೆಸರು. ಆಶ್ರಮದ ಗೆಳೆಯರ ಮುಂದೆ ಶ್ಯಾಮ ರಾತ್ರಿಗೊಂದರಂತೆ ತಾಯಿಯ ನೆನಪುಗಳನ್ನು ಹೇಳುತ್ತ ಹೋಗುತ್ತಾನೆ. ಸ್ನಾನವಾದ ಮೇಲೆ ಅಂಗಾಲಿಗೆ ಮಣ್ಣು ತಾಗಬಾರದೆಂದು ಹಟ ಹಿಡಿದ ಮಗನಿಗೆ ಆ ತಾಯಿ ತನ್ನ ಸೆರಗನ್ನೇ ಹಾಸುತ್ತಾಳೆ. ಮನಸ್ಸಿಗೂ ಹೀಗೆಯೇ ಕೊಳೆ ಹತ್ತದಂತೆ ನೋಡಿಕೋ ಎನ್ನುತ್ತಾಳೆ. ಆ ಪ್ರಸಂಗವನ್ನು ಓದಿ ನಾನು ಅತ್ತಿದ್ದೆ.

ಅದೇ ವರ್ಷ ಮರಾಠಿ ಗುರುಗಳು ‘ನನ್ನ ತಾಯಿ’ ಎಂಬ ನಿಬಂಧ ಬರೆಯಹೇಳಿದರು. ನನ್ನ ಅವ್ವನೂ ನನಗಾಗಿ ಸೆರಗು ಹಾಸಿದಳೆಂದು ಬರೆದೆ. ಗುರುಗಳು ಅದನ್ನು ವರ್ಗದಲ್ಲಿ ಓದಿಸಿ ಮೆಚ್ಚಿದರು. ಸಂಜೆ ಅವ್ವನ ಮುಂದೆಯೂ ಓದಿದೆ. ಅವಳಿಗೆ ಬರುತ್ತಿದ್ದುದು ಸಂತೆಯ ಮರಾಠಿ ಮಾತ್ರ. ಆದರೂ ‘ಪದರ’ ಎಂಬ ಶಬ್ದ ತಿಳಿಯಿತು.

“ನಾ ಯಾವಾಗ ಸೆರಗು ಹಾಸಿದ್ನೋ ತಮ್ಮಾ? ಇದು ಯಾರ ಅವ್ವಂದು?” ಎಂದು ನಕ್ಕಳು. ನಾನು ನಗಲಿಲ್ಲ.

ಅವಳ ಸೆರಗಿನ ಕೆಲಸ ಬೇರೆಯಿತ್ತು. ಜೋಳದ ಸುಗ್ಗಿ ಮುಗಿದ ಹೊಲಗಳಲ್ಲಿ ಉದುರಿ ಬಿದ್ದ ತೆನೆಗಳನ್ನು ಅವಳು ಆಯ್ದು ತರುತ್ತಿದ್ದುದು ಆ ಸೆರಗಿನಲ್ಲೇ. ಒಂದು ಮಧ್ಯಾಹ್ನ ಗೆಳೆಯರೊಡನೆ ಶಾಲೆಯಿಂದ ಬರುವಾಗ, ದಾರಿಯ ಬದಿಯ ಹೊಲದಲ್ಲಿ ಬಾಗಿದ್ದವಳು ನನ್ನ ಹೆಸರು ಹಿಡಿದು ಕೂಗಿದಳು. ನಾನು ಕೇಳದವನಂತೆ ಮುಂದೆ ನಡೆದೆ. ರಾತ್ರಿ ರೊಟ್ಟಿ ಬಡಿಯುತ್ತ ಅವಳು ಆ ವಿಷಯವನ್ನು ಎತ್ತಲಿಲ್ಲ. ನನ್ನ ನಿಬಂಧದಲ್ಲಿ ಇದು ಇರಲಿಲ್ಲ.

ಈ ಸಲದ ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದವನು ಶ್ಯಾಮ. ಈಜಲು ಹೆದರಿ ಅಡಗಿ ಕುಳಿತದ್ದನ್ನು, ತಾಯಿಯ ಕೈಯಲ್ಲಿ ಪೆಟ್ಟು ತಿಂದು ಬಾವಿಗೆ ಹೋದದ್ದನ್ನು ಅವನು ಮರೆಮಾಚುವುದಿಲ್ಲ. ಮನೆಗೆ ಸಾಲ ಬಂದದ್ದನ್ನೂ, ಕೊನೆಯ ಗಳಿಗೆಯಲ್ಲಿ ತಾನು ತಾಯಿಯ ಬಳಿ ಇರದಿದ್ದುದನ್ನೂ ಹೇಳುತ್ತಾನೆ. ಹದಿಮೂರರ ಹುಡುಗನಿಗೆ ಇದೊಂದು ತಾಯಿಯ ಸ್ತುತಿಯಾಗಿ ಕಂಡಿತ್ತು. ಐವತ್ತು ದಾಟಿದ ಮೇಲೆ, ತನ್ನ ತಪ್ಪುಗಳನ್ನು ಹೇಳಿಕೊಳ್ಳದೆ ತಾಯಿಯನ್ನು ಕುರಿತು ಹೇಳಲಾರದ ಮಗನೊಬ್ಬನ ಮಾತು ಕೇಳಿಸಿತು. ನಾನು ಅವನ ತಾಯಿಯನ್ನು ಎರವಲು ತಂದಿದ್ದೆ. ಅವನ ಪ್ರಾಮಾಣಿಕತೆಯನ್ನು ತಂದಿರಲಿಲ್ಲ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವವರು. ಎರಡರಲ್ಲಿಯೂ ಓದಿರಿ, ಮರಾಠಿ ನನಗೆ ಈ ಪುಸ್ತಕವನ್ನು ಕೊಟ್ಟಿತು, ಆ ಋಣ ದೊಡ್ಡದು. ಆದರೆ ನಿಮ್ಮ ತಾಯಿಯ ಬಗ್ಗೆ ಬರೆಯುವಾಗ ಅವಳು ಆಡದ ಮಾತನ್ನು ಅವಳ ಬಾಯಲ್ಲಿ ಇಡಬೇಡಿರಿ.

ಆ ನಿಬಂಧವನ್ನು ಇಂದು ಕನ್ನಡದಲ್ಲಿ ತಿದ್ದಿ ಬರೆದಿದ್ದೇನೆ. ಓದಿ ಹೇಳೋಣವೆಂದರೆ ಅವ್ವ ಇಲ್ಲ.