ಪ್ಲಗ್ಗಿನ ಸಾಕ್ಷಿ

ನಾಲಗೆ ಚಾಚಿಸಿ ನೋಡಿ ಹೊಟ್ಟೆಯ ಸಮಾಚಾರವನ್ನೆಲ್ಲ ಹೇಳಿಬಿಡುವ ವೈದ್ಯರು ಹಿಂದೆ ಊರಿಗೊಬ್ಬರಾದರೂ ಇರುತ್ತಿದ್ದರು. ರೋಗಿ ಎಷ್ಟೇ ಬಚ್ಚಿಟ್ಟರೂ ನಿನ್ನೆ ತಿಂದ ಬೋಂಡದ ಗುಟ್ಟು ಅಲ್ಲಿ ರಟ್ಟಾಗುತ್ತಿತ್ತು. ಪೆಟ್ರೋಲ್ ಕಾರಿಗೂ ಅಂಥದೊಂದು ನಾಲಗೆಯಿದೆ. ಅದೇ ಸ್ಪಾರ್ಕ್ ಪ್ಲಗ್ಗು. ಇಂಜಿನ್ನಿನ ತಲೆಯಲ್ಲಿ ಹೂತುಕೊಂಡು ಕಿಡಿ ಹಾರಿಸುವುದು ಇದರ ಉದ್ಯೋಗ. ಇಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಕಿಡಿ ಕೊಡಬೇಕು. ಇಷ್ಟು ದುಡಿಯುವ ಈ ಜೀವವನ್ನು, ಗಾಡಿ ಮಿಸ್ ಹೊಡೆಯುವವರೆಗೆ ಯಾರೂ ಮಾತನಾಡಿಸುವುದಿಲ್ಲ.

ನನ್ನದು 1996 ರ ಮಾರುತಿ 800. ಮೂರು ಸಿಲಿಂಡರು, ಮೂರು ಪ್ಲಗ್ಗು. ಅವುಗಳನ್ನು ಬಿಚ್ಚಿ ಹಾಕುವ ಕೆಲಸ ನನ್ನದೇ, ಮಿಕ್ಕದ್ದು ಮೇಸ್ತ್ರಿಯದು. ಇಂಜಿನ್ನು ತಣ್ಣಗಿರಬೇಕು. ಗುಂಡಿಯ ಸುತ್ತಲಿನ ಧೂಳನ್ನು ಮೊದಲು ಊದಬೇಕು. ವೈರುಗಳು ಅದಲುಬದಲಾಗದಂತೆ ಒಂದು ಮುಗಿದ ಮೇಲೆ ಇನ್ನೊಂದು. ತಲೆ ಅಲ್ಯೂಮಿನಿಯಮ್ಮಿನದಾದ್ದರಿಂದ ಹೊಸ ಪ್ಲಗ್ಗಿನ ಮರೆಯನ್ನು ಬೆರಳಿನಿಂದಲೇ ಕೂರಿಸಿ, ಕೈಬಿಗಿ ಬಂದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಇನ್ನೊಂದು ಚೂರು. ಭೀಮಬಲಕ್ಕೆ ಇಲ್ಲಿ ಕೆಲಸವಿಲ್ಲ.

ಆರಿಸುವುದು ಇದಕ್ಕಿಂತ ಕಷ್ಟ. ನಮ್ಮ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಪ್ಲಗ್ಗು ಎಂದರೆ ಮೈಕೋ. 1951 ರಲ್ಲಿ ಹುಟ್ಟಿದ ಆ ಕಂಪನಿ 2008 ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮೈಕೋ ಲೇಔಟಿನ ಜನ ಮಾತ್ರ ತಮ್ಮ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಈಗ ಅಂಗಡಿಯವನು ಇರಿಡಿಯಂ ತುದಿಯ ಪ್ಲಗ್ಗನ್ನು ಒಡವೆಯಂತೆ ಪೆಟ್ಟಿಗೆಯಿಂದ ತೆಗೆದು ತೋರಿಸುತ್ತಾನೆ. ಅದು ಮೋಸದ ಮಾಲಲ್ಲ. ತುದಿ ಸಣ್ಣದು, ಬೇಗ ಸವೆಯದು, ಬಹುಕಾಲ ಬಾಳುತ್ತದೆ. ಆದರೆ ಮುದಿ ಇಂಜಿನ್ನಿಗೆ ಅದು ಯೌವನ ತರುತ್ತದೆಂದು ಅವನು ಹೇಳಿದಾಗ ನಾನು ಚಿಲ್ಲರೆ ಎಣಿಸುತ್ತ ನಿಂತಿರುತ್ತೇನೆ. ಮುಖ್ಯವಾದದ್ದು ಪ್ಲಗ್ಗಿನ ಮೈಮೇಲಿನ ನಂಬರು. ಪ್ಲಗ್ಗಿನಲ್ಲೂ ಉಷ್ಣಪ್ರಕೃತಿ, ಶೀತಪ್ರಕೃತಿ ಎಂದು ಉಂಟು. ಉಷ್ಣದ್ದು ಕಾವನ್ನು ತನ್ನ ತುದಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಶೀತದ್ದು ಬೇಗ ದಾಟಿಸಿಬಿಡುತ್ತದೆ. ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಾದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ತೀರ ಕಾದರೆ ಕಿಡಿಗೆ ಮೊದಲೇ ತಾನೇ ಕೆಂಡವಾಗಿ ಬೆಂಕಿ ಹೊತ್ತಿಸುತ್ತದೆ. ಯಾವ ಗಾಡಿಗೆ ಯಾವ ಪ್ರಕೃತಿಯದು, ಬಾಯಿಯ ಸಂದು ಎಷ್ಟಿರಬೇಕು ಎಂಬುದೆಲ್ಲ ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಅದನ್ನು ಜಾತಕದಂತೆ ಜೋಪಾನ ಮಾಡಿದ್ದೇನೆ.

ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮೊದಲು ಅದರ ಮುಖ ನೋಡಬೇಕು. ನಾನು ದಿನವೂ ಆಫೀಸಿಗೆ ಓಡುತ್ತಿದ್ದ ವರ್ಷಗಳಲ್ಲಿ ಮೂರಕ್ಕೂ ಬಾದಾಮಿ ಸಿಪ್ಪೆಯ ತಿಳಿಬಣ್ಣ. ಅದು ಆರೋಗ್ಯ. ನಿವೃತ್ತನಾಗಿ ಗಾಡಿ ತರಕಾರಿ ಅಂಗಡಿಗೂ ಬ್ಯಾಂಕಿಗೂ ಮೀಸಲಾದ ಮೇಲೆ, ಸರಿಯಾಗಿ ಕಾಯುವ ಮೊದಲೇ ನಿಲ್ಲಿಸಿ ನಿಲ್ಲಿಸಿ, ಮೂರೂ ಕಾಡಿಗೆ ಬಳಿದುಕೊಂಡವು. “ಮನೇಲೇ ಕೂತರೆ ಯಾರಾದರೂ ಹೀಗೇ ಆಗೋದು” ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡುತ್ತ. ಮೇಲುಕೋಟೆಗೆ ಹೋಗಿಬಂದೆವು. ಮಸಿ ಬಹುಪಾಲು ಹೋಗಿತ್ತು.

ಈ ವರ್ಷ ಮೂರನೆಯದು ಮಾತ್ರ ಬೇರೆ ತೆರನಾಗಿ ಕಪ್ಪಾಗಿತ್ತು: ಒದ್ದೆ, ಹೊಳೆಯುವ ಕಪ್ಪು. ಮೇಸ್ತ್ರಿ ಹೆಬ್ಬೆರಳಿನಲ್ಲಿ ಒರೆಸಿ ನೋಡಿದರು. ಸಿಲಿಂಡರಿಗೆ ಒತ್ತಡ ಅಳೆಯುವ ಗೇಜು ಹಾಕಿದರು.

“ಇದು ಹೊಗೆ ಅಲ್ಲ ಸಾರ್, ಆಯಿಲ್. ರಿಂಗ್ ಹೋಗಿದೆ. ಇಂಜಿನ್ ಬೋರಿಗೆ ಬಂದಿದೆ.”

“ಇನ್ನಷ್ಟು ಉಷ್ಣದ ಪ್ಲಗ್ಗು ಹಾಕಿದರೆ?”

“ಹಾಕಬಹುದು. ನಾಲ್ಕು ದಿನ ಒಣಗಿರುತ್ತೆ. ಆಯಿಲ್ ಬರೋದು ನಿಲ್ಲಲ್ಲ ಸಾರ್.”

ಪುಣೆಯಿಂದ ಮಗ ಫೋನಿನಲ್ಲಿ ಲೆಕ್ಕ ಒಪ್ಪಿಸಿದ: ಇಂಜಿನ್ನಿನ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚು, ಜೊತೆಗೆ ಐದು ವರ್ಷಕ್ಕೊಮ್ಮೆ ಮರುನೋಂದಣಿ. “ಗುಜರಿಗೆ ಹಾಕಿಬಿಡಿ ಅಪ್ಪಾ.” ಲೆಕ್ಕದಲ್ಲಿ ತಪ್ಪಿರಲಿಲ್ಲ. 1998 ರಲ್ಲಿ ಆಸ್ಪತ್ರೆಯಿಂದ ಅವನನ್ನು ಹದಿಮೂರು ದಿನದ ಕೂಸಾಗಿ ಮನೆಗೆ ತಂದದ್ದು ಇದೇ ಗಾಡಿಯಲ್ಲಿ. ಆ ಬಾಬತ್ತನ್ನು ಯಾವ ಕಾಲಮ್ಮಿಗೆ ಬರೆಯುವುದೋ ತಿಳಿಯದೆ ನಾನು ಸುಮ್ಮನಿದ್ದೆ.

ಸಂಜೆ ಮೇಸ್ತ್ರಿ ಮನೆಗೆ ಬಂದಾಗ ನನ್ನ ಹೆಂಡತಿ ಕಾಫಿ ಕೊಟ್ಟು ಕೇಳಿದಳು: “ಬೋರ್ ಮಾಡಿಸಿದರೆ ಎಷ್ಟು ವರ್ಷ ಬರುತ್ತೆ?”

“ನೀವು ಓಡಿಸೋದು ನೋಡಿದರೆ ಅಮ್ಮಾ, ಮುಂದಿನ ಸಲ ಇದನ್ನ ಬಿಚ್ಚೋದು ನನ್ನ ಮಗ.”

ಅವಳು ಒಳಗೆ ಹೋಗಿ, ಕಾಶಿಯಾತ್ರೆಗೆಂದು ಕೂಡಿಟ್ಟ ಹಣದಲ್ಲಿ ಮುಂಗಡ ತಂದು ಮೇಜಿನ ಮೇಲಿಟ್ಟಳು.

ಸೋಮವಾರ ಇಂಜಿನ್ನು ಇಳಿಸುತ್ತಾರೆ. ಹೊಸ ಪ್ಲಗ್ಗು ಮೂರು ತಂದಿಟ್ಟಿದ್ದೇನೆ. ಇರಿಡಿಯಂ ಅಲ್ಲ, ಪುಸ್ತಕದಲ್ಲಿರುವ ನಂಬರಿನದೇ.