ಗ್ರೂಪು ಸೌದೆ ಹಾಕುತ್ತಾ?

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನ ಹೆಸರು 'ಮನೆ ಕೆಲಸ'. ಮಾಡಿದವಳು ನಾನೇ. ಮೈಸೂರಿನ ಹಾಸ್ಟೆಲಿನಲ್ಲಿ ಕೂತುಕೊಂಡೇ ಹುಣಸೂರು ತಾಲ್ಲೂಕಿನ ನಮ್ಮೂರಿನ ಸಂಸಾರವನ್ನು ಸರಿದೂಗಿಸಬಹುದು ಅನ್ನುವ ಉಮೇದು ಆಗ ನನಗಿತ್ತು. ಗ್ರೂಪಿನಲ್ಲಿ ನಾವು ಏಳು ಜನ: ನಾನು, ಅಪ್ಪ, ಅವ್ವ, ಪಿಯುಸಿ ಓದುವ ತಮ್ಮ, ಕೆ.ಆರ್. ನಗರಕ್ಕೆ ಕೊಟ್ಟಿರುವ ಅಕ್ಕ, ಪಿರಿಯಾಪಟ್ಟಣದ ಮಾವ, ಎಚ್.ಡಿ. ಕೋಟೆಯ ಚಿಕ್ಕಮ್ಮ. ಅಜ್ಜಿಯ ಹತ್ತಿರ ಫೋನಿಲ್ಲ.

ಅಜ್ಜಿಗೆ ಗೊತ್ತಿದ್ದ ಯಂತ್ರ ರೇಡಿಯೋ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಶುರು ಮಾಡಿದ ಆಕಾಶವಾಣಿ, ಮುಂದೆ ನಮ್ಮಂಥ ಎಷ್ಟೋ ಮನೆಗಳಿಗೆ ಗಡಿಯಾರವೂ ಆಯಿತು. ಪ್ರದೇಶ ಸಮಾಚಾರ ಬಂದರೆ ಮಕ್ಕಳು ಸ್ಕೂಲಿಗೆ ಹೊರಡಬೇಕು, ಕೃಷಿರಂಗ ಬಂದರೆ ದನ ಕೊಟ್ಟಿಗೆಗೆ ಬಂದಿರಬೇಕು. ರೇಡಿಯೋ ಹೊತ್ತು ಹೇಳುತ್ತಿತ್ತು. ಆ ಹೊತ್ತಿಗೆ ಯಾರು ಏನು ಮಾಡಬೇಕು ಅನ್ನುವುದನ್ನು ಮಾತ್ರ ಅಜ್ಜಿಯೇ ಕೂಗಿ ಹೇಳಬೇಕಿತ್ತು. ಆ ಕೂಗು ಆಮೇಲೆ ಅವ್ವನಿಗೆ ಬಂತು.

ನಮ್ಮ ಮನೆಯಲ್ಲಿ ಕೆಲಸ ಕಟ್ಟಿಕೊಂಡು ಬರುವುದು ಹೊಗೆಸೊಪ್ಪಿನ ಕಾಲದಲ್ಲಿ. ಮುಂಗಾರಿಗೆ ನೆಟ್ಟದ್ದು ಜುಲೈ ಹೊತ್ತಿಗೆ ಮುರಿಯಲು ಬರುತ್ತದೆ. ಮುರಿದ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಆಮೇಲೆ ಸುಮಾರು ಐದು ದಿನ ಹಗಲು ರಾತ್ರಿ ಒಲೆ ಕಾಯಬೇಕು. ಮೊದಲು ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗಬೇಕು. ಮೆಲ್ಲಗೆ ಶಾಖ ಏರಿಸುತ್ತಾ ಎಲೆ ಒಣಗಿಸಿ, ಕೊನೆಗೆ ದಂಟು ಒಣಗಲು 70 ಡಿಗ್ರಿಯ ಹತ್ತಿರ ಒಯ್ಯಬೇಕು. ನಡುವೆ ಬೆಂಕಿ ಇಳಿದರೆ ಹಳದಿ ನಿಲ್ಲುವುದಿಲ್ಲ, ಎಲೆ ಕಂದಿಹೋಗುತ್ತದೆ. ತಂಬಾಕು ಮಂಡಳಿಯ ಹರಾಜಿನಲ್ಲಿ, ಅದು ಕಟ್ಟೆಮಳಲವಾಡಿಯಾಗಲಿ, ಪಿರಿಯಾಪಟ್ಟಣವಾಗಲಿ, ಬೆಲೆ ನಿಲ್ಲುವುದು ಬಣ್ಣದ ಮೇಲೆ. ವರ್ಷದ ದುಡಿಮೆ ಒಂದು ರಾತ್ರಿಯ ನಿದ್ದೆಗೆ ಹೋಗಬಹುದು.

ಆ ವರ್ಷ ಸೊಪ್ಪು ಬ್ಯಾರನ್ನಿನಲ್ಲಿದ್ದಾಗಲೇ ಅಕ್ಕನಿಗೆ ದಿನ ತುಂಬುವ ಮೊದಲೇ ನೋವು ಬಂತು. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಅವ್ವ ಸಿಕ್ಕಿದ ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿದಳು. ನಾನು ಹಾಸ್ಟೆಲಿನಿಂದ ಧೈರ್ಯ ಹೇಳಿದೆ: "ನೀನು ಯೋಚ್ನೆ ಮಾಡ್ಬೇಡ ಕಣವ್ವ. ಎಲ್ಲಾ ನಾನು ಗ್ರೂಪಲ್ಲಿ ನೋಡ್ಕೋತೀನಿ."

ಎರಡು ದಿನ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಆರಕ್ಕೆ 'ಹಾಲು ಡೇರಿಗೆ', ಎಂಟಕ್ಕೆ 'ಅಜ್ಜಿ ಮಾತ್ರೆ', ಸಂಜೆ 'ನಾಳೆಗೆ ಆಳುಗಳಿಗೆ ಹೇಳಿ' ಎಂದು ಹಾಕುತ್ತಿದ್ದೆ. ಮೂರನೇ ದಿನ ರಾತ್ರಿ ಒಂಬತ್ತಕ್ಕೆ 'ಬ್ಯಾರನ್ ಬೆಂಕಿ ನೋಡ್ಕೊಳ್ಳಿ' ಎಂದು ಹಾಕಿದೆ. ಕೋಟೆಯಿಂದ ಚಿಕ್ಕಮ್ಮ 'ಆಯ್ತು ಕಣವ್ವ' ಎಂದಳು. ಬ್ಯಾರನ್ ಇರುವುದು ನಮ್ಮೂರಿನಲ್ಲಿ, ಅವಳಿರುವುದು ಕಬಿನಿ ಹಿನ್ನೀರಿನ ಹತ್ತಿರ! ನಗು ಬಂತು. ಸ್ವಲ್ಪ ಹೊತ್ತಿಗೆ ಎರಡು ಗೆರೆಗಳೂ ನೀಲಿಯಾದವು. ಗ್ರೂಪಿನಲ್ಲಿ ಎಲ್ಲರೂ ನೋಡಿದ ಮೇಲಷ್ಟೇ ನೀಲಿಯಾಗುವುದು. ನಾನು ನೆಮ್ಮದಿಯಾಗಿ ಮಲಗಿದೆ.

ಅವತ್ತಿಗೆ ಮಳೆ ಕೈಕೊಟ್ಟು ಹತ್ತು ದಿನವಾಗಿತ್ತು. ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು. ಮೋಟಾರಿಗೆ ಹಾಕಿಸಿದ್ದ ಮೊಬೈಲ್ ಸ್ಟಾರ್ಟರ್ ಅಪ್ಪನ ಫೋನಿಗೆ ರಿಂಗ್ ಕೊಟ್ಟಿತು. ಅಪ್ಪ ಶುಂಠಿಗೆ ನೀರು ತಿರುಗಿಸಲು ಹೊಲಕ್ಕೆ ಹೋದ. ಒಲೆಯನ್ನು ಮಗ ನೋಡಿಕೊಳ್ಳುತ್ತಾನೆ ಅಂದುಕೊಂಡ. ತಮ್ಮ, ಅಪ್ಪ ಎದ್ದಿದ್ದಾನಲ್ಲ ಎಂದು ಮಗ್ಗುಲು ಬದಲಿಸಿದ. ನಸುಕಿನಲ್ಲಿ ಎದ್ದ ಅಜ್ಜಿಗೆ ಮೊದಲು ಗೊತ್ತಾಯಿತು. ಬ್ಯಾರನ್ನಿನ ಗೋಡೆಗೆ ಕೈಯಿಟ್ಟು ನೋಡಿ, "ಒಲೆ ತಣ್ಣಗಾಗದೆ ಕಣ್ರೋ" ಎಂದು ಕೂಗಿದಳಂತೆ. ಅಷ್ಟರಲ್ಲಿ ಕೆಳಗಿನ ಸಾಲುಗಳ ಸೊಪ್ಪು ಕಂದಿತ್ತು. ಸುದ್ದಿ ತಿಳಿದು ಪಿರಿಯಾಪಟ್ಟಣದಿಂದ ಮಾವ ಬೈಕಿನಲ್ಲಿ ಬಂದು, ಶಾಖ ಏರಿಸಿ, ಉಳಿದಷ್ಟನ್ನು ಉಳಿಸಿಕೊಟ್ಟರು.

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಯಾರ್ಗೆ ಹೇಳಿದ್ದೆ?"

"ಗ್ರೂಪಿಗೆ ಹಾಕಿದ್ದೆ ಕಣವ್ವ. ಎಲ್ಲರೂ ನೋಡಿದ್ರು."

"ಗ್ರೂಪು ಸೌದೆ ಹಾಕುತ್ತಾ?"

ಫೋನಿಟ್ಟ ಮೇಲೆ ನೆನಪಾದದ್ದು ಚಿಕ್ಕಮ್ಮನ ಇನ್ನೊಂದು ಮೆಸೇಜು. ಅವರ ಊರು ಕಾಡಂಚಿನದು. ಒಮ್ಮೆ ಅವರೂರಿನ ಗ್ರೂಪಿಗೆ ಹಾಕಬೇಕಾದ 'ಆನೆ ಬಂದವೆ, ಯಾರೂ ಆಚೆ ಬರಬೇಡಿ' ಎಂಬುದನ್ನು ನಮ್ಮ ಗ್ರೂಪಿಗೆ ಹಾಕಿದ್ದಳು. ನಾವು ನಕ್ಕಿದ್ದೆವು. ಆದರೆ ಅವರೂರಿನಲ್ಲಿ ಆ ಮೆಸೇಜು ಸರಿಯಾಗಿಯೇ ಕೆಲಸ ಮಾಡುತ್ತದೆ. ಯಾಕೆಂದರೆ ನೋಡಿದವರೆಲ್ಲ ಮಾಡಬೇಕಾದದ್ದು ಒಂದೇ: ಒಳಗಿರುವುದು. ರೇಡಿಯೋದ ಹೊತ್ತೂ ಹಾಗೆಯೇ, ಎಲ್ಲರಿಗೂ ಒಂದೇ. ಸೌದೆ ಹಾಕುವುದು ಹಾಗಲ್ಲ, ಅದು ಒಬ್ಬರ ಕೆಲಸ. ಒಬ್ಬರ ಕೆಲಸವನ್ನು ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಪ್ರತಿ ಬ್ಯಾರನ್ನಿಗೂ ಅವ್ವ ರಾತ್ರಿ ಎರಡು ಸಲ ಎದ್ದು ಒಲೆ ನೋಡಿ ಬರುತ್ತಿದ್ದಳು. ನಮಗೆ ಯಾರಿಗೂ ಅದು ಲೆಕ್ಕದಲ್ಲೇ ಇರಲಿಲ್ಲ. ಅಪ್ಪನೇ ಒಲೆ ಕಾಯುವುದು ಎಂದು ನಾವೆಲ್ಲ ನಂಬಿದ್ದೆವು, ಅಪ್ಪನೂ.

ಅವತ್ತು ಮಧ್ಯಾಹ್ನ ಅವ್ವನಿಗೆ, "ನಿನಗೆ ನೆನಪಿರೋದೆಲ್ಲ ವಾಯ್ಸ್ ಮೆಸೇಜ್ ಮಾಡು" ಎಂದೆ. ಆಸ್ಪತ್ರೆಯ ವರಾಂಡದಿಂದ ಒಂದೊಂದಾಗಿ ಬಂದವು. ಹಸು ಬೆದೆಗೆ ಬಂದ ದಿನದಿಂದ 21ನೇ ದಿನ ಮತ್ತೆ ನೋಡಬೇಕು. ಸಂಘದ ಕಂತು ಸೋಮವಾರ. ಸೊಪ್ಪು ಕಟ್ಟುವ ದಾರ ಮುಗಿಯುತ್ತಾ ಬಂದಿದೆ. ಅಜ್ಜಿಯ ಬಿಪಿ ಮಾತ್ರೆ ಬುಧವಾರದವರೆಗೆ ಮಾತ್ರ. ಹಾಲಿಗೆ ಹೆಪ್ಪು ಹಾಕುವುದು. ಬರೆದುಕೊಂಡೆ. ಎಣಿಸಿದರೆ 38. ಹಿಂದೆ ಮಗು ಅಳುತ್ತಿತ್ತು. ಅವ್ವ ನಡುವೆ ನಿಲ್ಲಿಸಿ ಅದನ್ನು ಸಮಾಧಾನ ಮಾಡಿ ಮತ್ತೆ ಮುಂದುವರಿಸುತ್ತಿದ್ದಳು.

ಶನಿವಾರ ಊರಿಗೆ ಹೋಗಿ, ಅವ್ವ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಪಕ್ಕ ಒಂದು ದೊಡ್ಡ ಹಾಳೆ ಅಂಟಿಸಿದೆ, ಅಜ್ಜಿಗೂ ಕಾಣಲಿ ಎಂದು. ಪ್ರತಿ ಕೆಲಸದ ಮುಂದೆ ಒಂದೇ ಹೆಸರು. ಗ್ರೂಪಿಗೂ ಒಂದೇ ಹೆಸರು, ಒಂದು ಹೊತ್ತು. ಮಾಡಿದವರು ಮಾತ್ರ 'ಆಯ್ತು' ಅನ್ನಬೇಕು. ಕೋಟೆಯ ಚಿಕ್ಕಮ್ಮ ಅನ್ನುವ ಹಾಗಿಲ್ಲ. ರಾತ್ರಿಯ ಒಲೆಗೆ ಅಲಾರಂ ಹಂಚಿಕೊಂಡೆವು: ಒಂದು ಗಂಟೆಯವರೆಗೆ ಅಪ್ಪ, ಆಮೇಲೆ ತಮ್ಮ. ಫೋನು ಚಾರ್ಜಿಗೆ ನಡುಮನೆಯಲ್ಲಲ್ಲ, ಬ್ಯಾರನ್ ಮುಂದಿನ ಮಂಚದ ಹತ್ತಿರವೇ ಇರಬೇಕು. ತಮ್ಮ ಗೊಣಗಿದ. ಹಾಲು ಕರೆಯುವುದರ ಮುಂದೆ ತನ್ನ ಹೆಸರು ನೋಡಿ ಇನ್ನೂ ಗೊಣಗಿದ.

ಕಂದಿದ ಸೊಪ್ಪಿಗೆ ಹರಾಜಿನಲ್ಲಿ ಕಡಿಮೆ ಬೆಲೆ ಬಂತು. ಅಪ್ಪ ಯಾರನ್ನೂ ಅನ್ನಲಿಲ್ಲ.

ಅವ್ವ ವಾಪಸು ಬಂದ ದಿನ ಹಾಳೆಯ ಮುಂದೆ ತುಂಬ ಹೊತ್ತು ನಿಂತಿದ್ದಳು. "ಎಲ್ಲಾ ನಿಮ್ಮೆಸ್ರೇ ಬರ್ಕೊಂಡ್ರೆ ನಂಗೇನ್ ಉಳೀತು?" ಅಂದಳು. ಮುನಿಸೋ ಸಂತೋಷವೋ ತಿಳಿಯಲಿಲ್ಲ. ಅವತ್ತು ರಾತ್ರಿ ಎರಡಕ್ಕೆ ಅವಳು ಅಭ್ಯಾಸದಂತೆ ಎದ್ದ ಸದ್ದಾಯಿತು. ಬಾಗಿಲು ತೆರೆದು ಹೊರಗೆ ಹೋದಳು. ಒಲೆಯ ಮುಂದೆ ತಮ್ಮ ಸೌದೆ ತಳ್ಳುತ್ತಾ ಕೂತಿದ್ದ. ಅವ್ವ ಏನೂ ಮಾತಾಡದೆ ಒಳಗೆ ಬಂದು ಮಲಗಿದಳು. ಸ್ವಲ್ಪ ಹೊತ್ತಿನಲ್ಲೇ ಅವಳ ಗೊರಕೆ ಕೇಳಿಸಿತು.